ಹಾಡಿಗೆ ಮೊದಲಿನ ಚಪ್ಪಾಳೆ

ನಮ್ಮ ಕಡೆ ಬಾರಿಸುವವರಿಬ್ಬರು ಎದುರುಬದುರು ಕೂತರೆ ಚಹಾ ಆರುವ ಮೊದಲೇ ಒಂದು ಪ್ರಶ್ನೆ ಬರುತ್ತದೆ: ರೆಕಾರ್ಡ್ ಆಗಿರುವ ಹಾಡುಗಳಲ್ಲಿ ಯಾವುದಕ್ಕೆ ನೀನು ಬಾರಿಸಬೇಕಿತ್ತು? ತಬಲಾದವರಿರಲಿ, ಢೋಲಕಿಯವರಿರಲಿ, ಹಲಗೆಯವರಿರಲಿ, ಉತ್ತರ ಎಲ್ಲರ ಬಳಿಯೂ ತಯಾರಿರುತ್ತದೆ. ಒಬ್ಬರದು ಸಿನಿಮಾದ ಲಾವಣಿ, ಇನ್ನೊಬ್ಬರದು ಬೆಳಿಗ್ಗೆ ರೇಡಿಯೋದಲ್ಲಿ ಬರುತ್ತಿದ್ದ ಅಭಂಗ. ಹೇಳಿ ಸುಮ್ಮನಾಗುವುದಿಲ್ಲ, ತೊಡೆಯ ಮೇಲೆ ಬಾರಿಸಿಯೇ ತೋರಿಸುತ್ತಾರೆ. "ಇಲ್ಲಿ ನೋಡ್ರಿ, ಇಲ್ಲಿ ಅಂವಾ ಸುಮ್ಮ ಬಿಟ್ಟಾನ. ನಾ ಇದ್ರ ಹಿಂಗ ಹೊಡೀತಿದ್ದೆ" ಅನ್ನುತ್ತಾರೆ. ನಾನು ಹೆಂಗಸು, ಢೋಲಕಿ ಬಾರಿಸುತ್ತೇನೆ, ಮತ್ತು ಹತ್ತು ವರ್ಷದವಳಿದ್ದಾಗಿನಿಂದ ನನ್ನ ಉತ್ತರ ಒಂದೇ.

ಗಡಿಯಾಚೆ ಮಹಾರಾಷ್ಟ್ರದ ಉದಗೀರದಲ್ಲಿ ನಮ್ಮಪ್ಪನ ಕಿರಾಣಿ ಅಂಗಡಿ ಇತ್ತು. ಬೆಳಿಗ್ಗೆ ಬಾಗಿಲು ತೆಗೆದ ಕೂಡಲೇ ಅಪ್ಪ ಹಾಕುತ್ತಿದ್ದ ಕ್ಯಾಸೆಟ್ಟು ಒಂದೇ: ಊರಿನ ಹೆಣ್ಣುಮಕ್ಕಳ ಭಜನಾ ಮಂಡಳಿಯವರು ಹಾಡಿದ ಶಿವನ ಹಾಡುಗಳು. ಅದರ ಎರಡನೇ ಬದಿಯ ಮೊದಲ ಹಾಡು ಶುರುವಾಗುವುದು ಒಂದು ಚಪ್ಪಾಳೆಯಿಂದ. ಒಂದೇ ಒಂದು. ಅದರ ಬೆನ್ನಿಗೇ ಹಾಡುವವರು, ಅವರ ಬೆನ್ನಿಗೆ ಢೋಲಕಿ. ಆ ಢೋಲಕಿ ಕೇಳಿದರೆ ನನಗೆ ನಿಂತಲ್ಲಿ ನಿಲ್ಲಲಾಗುತ್ತಿರಲಿಲ್ಲ. ಖಾಲಿ ಎಣ್ಣೆ ಡಬ್ಬಿ ಎಳೆದುಕೊಂಡು ಜೊತೆಗೆ ಬಾರಿಸುತ್ತಿದ್ದೆ. ಅಪ್ಪ ಲೆಕ್ಕ ಬಿಟ್ಟು ತಲೆ ಎತ್ತಿ, "ಅವ್ವಾ, ನಮ್ಮ ಡಬ್ಬಿ ಖಾಲಿ ಅವ ಅಂತ ಬಜಾರಕ್ಕೆಲ್ಲ ಸಾರಬ್ಯಾಡ" ಅನ್ನುತ್ತಿದ್ದರು.

ಲಗ್ನವಾಗಿ ನಿಲಂಗಾಕ್ಕೆ ಬಂದೆ. ಅಲ್ಲಿನ ಮಂಡಳಿಯ ಹೆಂಗಸರೂ ಅದೇ ಹಾಡನ್ನು ಮರಾಠಿ ಅಕ್ಷರದಲ್ಲಿ ವಹಿಯಲ್ಲಿ ಬರೆದುಕೊಂಡಿದ್ದರು. ನಾವೆಲ್ಲ ಕಲಿತದ್ದು ಮರಾಠಿ ಶಾಲೆಯಲ್ಲಿ, ಕನ್ನಡ ಬಾಯಲ್ಲಿದೆ, ಕೈಯಲ್ಲಿಲ್ಲ. ಹಾಡಿನ ಮೇಲ್ಗಡೆ ಒಂದು ಕಡೆ ಸಣ್ಣದಾಗಿ 'ಟಾಳಿ, ಒಂದು' ಎಂದು ಬರೆದಿತ್ತು. ಟಾಳಿ ಅಂದರೆ ಚಪ್ಪಾಳೆ. ಸಾಸ್ತೂರದಿಂದ ಹಿಡಿದು ಉಮರ್ಗಾದವರೆಗೆ ಎಲ್ಲೇ ಆ ಹಾಡು ಹಾಡಲಿ, ಢೋಲಕಿಯವರು ಮೊದಲು ಒಂದು ಚಪ್ಪಾಳೆ ತಟ್ಟಲೇಬೇಕು. ನಮ್ಮೂರಿನ ಸ್ಪರ್ಧೆಯಲ್ಲಿ ಒಂದು ಮಂಡಳಿ ಅದನ್ನು ಮರೆತು ಬಹುಮಾನ ಕಳೆದುಕೊಂಡಿತು. ಆ ಹೆಂಗಸರು ಕಣ್ಣೀರು ಹಾಕಿದ್ದನ್ನು ನಾನೇ ನೋಡಿದ್ದೇನೆ.

ಮೂರು ವರ್ಷದ ಹಿಂದೆ ಉಮರ್ಗಾದಲ್ಲಿ ಒಂದು ಲಗ್ನ. ಊಟವಾದ ಮೇಲೆ ಮಂಟಪದ ಹಿಂದೆ ಬಾರಿಸುವವರೆಲ್ಲ ಕೂತಿದ್ದೆವು. ಬೆರಳು ಸೆಟೆದು ಬಾರಿಸುವುದನ್ನು ಬಿಟ್ಟಿದ್ದ ಒಬ್ಬ ಮುದುಕರಿದ್ದರು, ಎಲ್ಲರೂ ಅವರಿಗೆ ಕಾಕಾ ಅನ್ನುತ್ತಿದ್ದರು. ಅದೇ ಪ್ರಶ್ನೆ ಬಂತು; ಅವರ ಉತ್ತರ ಹಳೇ ಲಾವಣಿಯೊಂದು. ಅದನ್ನು ಹೇಳಿ ಮುಗಿಸಿ ನನ್ನ ಕಡೆ ತಿರುಗಿದರು.

"ನಿಂದು ಯಾವುದವ್ವಾ?"

ಹೇಳಿದೆ. ಅವರು ಚಹಾದ ಕಪ್ಪು ಕೆಳಗಿಟ್ಟರು.

"ಅದಕ್ಕ ನಾನೇ ಬಾರಿಸೀನಿ."

ನಾನು ಎದ್ದೇ ನಿಂತುಬಿಟ್ಟೆ. ಸೀರೆಯ ಮೇಲೆ ಚಹಾ ಚೆಲ್ಲಿದ್ದು ಮನೆಗೆ ಬಂದ ಮೇಲೆ ಗೊತ್ತಾಯಿತು. ಎರಡನೇ ನುಡಿಯಲ್ಲಿ ಎಡಗೈ ಹಾಗೆ ಹೇಗೆ ಎಳೆದಿರಿ, ಕೊನೆಗೆ ಯಾಕೆ ನಿಧಾನ ಮಾಡಿದಿರಿ ಎಂದು ಒಂದೇ ಉಸಿರಿಗೆ ಕೇಳಿದೆ. ಕಡೆಗೆ ಎಷ್ಟೋ ವರ್ಷದಿಂದ ಇಟ್ಟುಕೊಂಡಿದ್ದನ್ನೂ ಕೇಳಿದೆ. "ಆ ಚಪ್ಪಾಳಿ ಹ್ಯಾಂಗ ಹೊಳೀತ್ರಿ ಕಾಕಾ?"

"ಯಾವ ಚಪ್ಪಾಳಿ?"

"ಹಾಡಿನ ಮೊದಲಿಂದು."

ಅವರಿಗೆ ನೆನಪಾಗಲು ಹೊತ್ತು ಹಿಡಿಯಿತು. ಆಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕರು. "ಅದ ಹಾಡಿಂದಲ್ಲವ್ವಾ. ಕೈ ಬೆವರಿದ್ವು, ಈಬತ್ತಿ ತಿಕ್ಕೊಂಡು ಝಾಡಿಸಿದೆ. ಮಷೀನ್ ಚಾಲೂ ಆಗ್ಯಾದ ಅಂತ ಯಾರಿಗಿ ಗೊತ್ತಿತ್ತು?"

ಬಾರಿಸಲು ಕೂರುವ ಮೊದಲು ಹಣೆಗೆ ಹಚ್ಚುವ ಈಬತ್ತಿಯನ್ನೇ, ಅಂದರೆ ವಿಭೂತಿಯನ್ನೇ, ಅಂಗೈಗೂ ತಿಕ್ಕಿಕೊಳ್ಳುವುದು ನಮ್ಮಲ್ಲಿ ವಾಡಿಕೆ. ಭಕ್ತಿಯೂ ಆಯಿತು, ಬೆವರಿಗೆ ಕೈ ಜಾರುವುದೂ ತಪ್ಪಿತು. ಹೆಚ್ಚಾದ ಪುಡಿಯನ್ನು ಒಂದು ಸಲ ತಟ್ಟಿ ಕೊಡವುತ್ತೇವೆ. ನಾನೂ ದಿನಾ ಹಾಗೇ ಮಾಡುತ್ತೇನೆ. ಮೂರು ತಾಲೂಕಿನವರು ನಿಯಮ ಮಾಡಿಕೊಂಡದ್ದು ಆ ಕೊಡವುವಿಕೆಯನ್ನು. ಬಹುಮಾನ ಕಳೆದುಕೊಂಡವರ ಮುಖ ನೆನೆದು ನಗುವೂ ಬಂತು, ಪಾಪ ಎಂದೂ ಅನ್ನಿಸಿತು. ಯಾರಿಗೂ ಬಾಯಿ ಬಿಡಲಿಲ್ಲ. ಬಿಟ್ಟಿದ್ದರೆ ನನ್ನನ್ನೇ ಮಂಡಳಿಯಿಂದ ಆಚೆ ಹಾಕುತ್ತಿದ್ದರು.

ಈ ವರ್ಷ ಒಂದು ಬೆಳಿಗ್ಗೆ ಉದಗೀರದಿಂದ ಫೋನು ಬಂತು. ಆ ಕ್ಯಾಸೆಟ್ಟಿನಲ್ಲಿ ಮುಂದಾಗಿ ಹಾಡಿದ್ದ ಅಕ್ಕ ಮಾತಾಡುತ್ತಿದ್ದರು, ಈಗ ಅವರಿಗೆ ಎಪ್ಪತ್ತು ದಾಟಿದೆ. "ಆ ಹಾಡ ಮತ್ತ ಹಾಡ್ಲತ್ತೀವಿ. ಮೊಬೈಲ್ದಾಗ ಬಿಡ್ತಾರಂತ. ಢೋಲಕಿಗಿ ನೀನೇ ಬರ್ಬೇಕು ನೋಡು." ಒಲೆಯ ಮೇಲೆ ಹಾಲು ಉಕ್ಕಿ ಹರಿಯಿತು. ನಮ್ಮತ್ತೆ ಒಲೆ ಆರಿಸುತ್ತಾ, "ಹಾಲ ಉಕ್ಕಿದ್ರ ಉಕ್ಕಲಿ, ಮೊದಲ ಹೂಂ ಅನ್ನು" ಅಂದರು.

ಎಂಟು ದಿನ ಮನೆಯಲ್ಲಿ ಢೋಲಕಿಯದೇ ಸದ್ದು. ಹಳೇ ಹಾಡನ್ನು ಫೋನಿನಲ್ಲಿ ಹಾಕಿ ಹಾಕಿ, ಕಾಕಾನ ಪ್ರತಿ ಪೆಟ್ಟನ್ನೂ ಬೆರಳಿಗೆ ಹತ್ತಿಸಿಕೊಂಡೆ. ಹೊರಟ ದಿನ ಬಸ್ಸಿನಲ್ಲಿ ಶಾಲು ಸುತ್ತಿದ ಢೋಲಕಿಯನ್ನು ತೊಡೆಯ ಮೇಲಿಟ್ಟುಕೊಂಡಿದ್ದೆ. ಕಂಡಕ್ಟರು ಮರಾಠಿಯಲ್ಲಿ, ಕೂಸು ಮಲಗಿದೆಯಾ ವೈನಿ ಎಂದು ಕೇಳಿದ. ಈಗ ಮಲಗಿದೆ, ಉದಗೀರ ಬಂದ ಮೇಲೆ ಏಳುತ್ತದೆ ಅಂದೆ. ಅಷ್ಟು ಖುಷಿಯಲ್ಲಿದ್ದೆ ನಾನು.

ಸ್ಟುಡಿಯೋ ಅಂದರೆ ಮೊಬೈಲ್ ಅಂಗಡಿಯ ಮಾಳಿಗೆಯ ಮೇಲೊಂದು ಕೋಣೆ, ಗೋಡೆಗೆಲ್ಲ ತತ್ತಿಯ ಟ್ರೇ ಅಂಟಿಸಿದ್ದರು. ರೆಕಾರ್ಡಿಂಗ್ ಮಾಡುವ ಮನುಷ್ಯ ನನ್ನ ಢೋಲಕಿ ನೋಡಿ ಬೇಡವೆಂದು ಕೈ ಅಲ್ಲಾಡಿಸಿದ.

"ಅದ ಬ್ಯಾಡ್ರಿ. ಢೋಲಕಿ ಕಂಪ್ಯೂಟರ್ದಾಗ ಹಾಕೀನಿ. ಕೈಲೆ ಬಾರಿಸಿದ್ರ ತಾಲ ಹೆಚ್ಚುಕಮ್ಮಿ ಆಗ್ತದ."

"ಹೆಚ್ಚುಕಮ್ಮಿ ಆಗೂದು ನಿಮ್ಮ ಮಷೀನಿಗಿ ಇರಬೇಕ್ರಿ, ನನ್ನ ಕೈಗಲ್ಲ."

ಅಕ್ಕನಿಗೂ ಇದು ಗೊತ್ತಿರಲಿಲ್ಲ. ಬಹಳ ಹೇಳಿ ನೋಡಿದರು, ಅವನು ಒಪ್ಪಲಿಲ್ಲ. ನನಗೆ ಮೈಯೆಲ್ಲ ಉರಿಯಿತು. ಹೊರಗೆ ಬಂದು ಮೆಟ್ಟಿಲ ಮೇಲೆ ಕೂತೆ. ಮೂವತ್ತು ವರ್ಷದ ಆಸೆ ಬಾಗಿಲವರೆಗೆ ಬಂದು ಮುರಿಯಿತಲ್ಲ ಎಂದು ಅಳು ಬಂತು. ಶಾಲು ಬಿಚ್ಚಲೂ ಇಲ್ಲ.

ಅರೆತೆರೆದ ಬಾಗಿಲಿಂದ ಒಳಗಿನದು ಕೇಳುತ್ತಿತ್ತು. ಅವನು ಏಕ್, ದೋನ್, ತೀನ್, ಚಾರ್ ಎಂದು ಎಣಿಸಿದ. ಒಬ್ಬರು ತೀನ್‌ಗೇ ಹಾಡು ಎತ್ತಿಕೊಂಡರು, ಇಬ್ಬರು ಎತ್ತಲೇ ಇಲ್ಲ. ಮತ್ತೆ ಎಣಿಸಿದ. ಈ ಸಲ ಒಬ್ಬರೂ ಬಾಯಿ ತೆರೆಯಲಿಲ್ಲ. ಐದನೆಯ ಸಲಕ್ಕೆ ಅವನಿಗೆ ಸಿಟ್ಟು ಬಂತು. "ಯಾಕ ಹಾಡವಲ್ರಿ ನೀವು?"

ಅಕ್ಕ ತಣ್ಣಗೆ ಹೇಳಿದರು. "ಹಾಡ ಇನ್ನಾ ಚಾಲೂನೇ ಆಗಿಲ್ಲಪಾ, ಹ್ಯಾಂಗ ಹಾಡ್ಬೇಕು? ಹೊರಗ ಕುಂತಾಳಲ್ಲ, ಆಕಿನ ಕರಿ."

ಒಳಗೆ ಹೋದೆ. ಸೆರಗಿನ ಮೇಲೆ ಹೆಡ್‌ಫೋನು ಹಾಕಿಕೊಂಡು ಏಳು ಹೆಂಗಸರು ನನ್ನ ಕೈಯನ್ನೇ ನೋಡುತ್ತಿದ್ದರು. ಆ ಚಪ್ಪಾಳೆ ಹಾಡಿನದ್ದಲ್ಲ ಎಂದು ಆ ಕೋಣೆಯಲ್ಲಿ ಗೊತ್ತಿದ್ದವಳು ನಾನೊಬ್ಬಳೇ; ಅಕ್ಕ ಕೂಡ ಅಂದು ಅದನ್ನು ಹಾಡು ಎತ್ತುವ ಸನ್ನೆ ಎಂದೇ ತಿಳಿದಿದ್ದರು. ನನ್ನ ಅಂಗೈಗಳು ಬೆವತು ನೀರಾಗಿದ್ದವು. ರೂಢಿಯಂತೆ ಸೊಂಟದ ಚೀಲದಿಂದ ಈಬತ್ತಿ ತೆಗೆದು ತಿಕ್ಕಿಕೊಂಡೆ, ಒಂದು ಸಲ ತಟ್ಟಿದೆ.

ಏಳೂ ಜನ ಒಂದೇ ಬಾಯಿಂದ ಹಾಡು ಎತ್ತಿಕೊಂಡರು. ಸದ್ದು ಮಾಡುವಂತಿರಲಿಲ್ಲ, ಹಾಡು ಮುಗಿಯುವವರೆಗೆ ಗಾಳಿಯಲ್ಲೇ ಬೆರಳು ಆಡಿಸುತ್ತಾ ನಿಂತೆ. ಮುಗಿದ ಮೇಲೆ ಅವನು, ಚಪ್ಪಾಳೆಯನ್ನು ಆಮೇಲೆ ಕತ್ತರಿಸಿ ತೆಗೆಯುತ್ತೇನೆ ಅಂದ. "ಅದನ್ನ ತೆಗದ್ರ ನನ್ನ ದನೀನೂ ತೆಗಿ" ಎಂದರು ಅಕ್ಕ. ಅವನು ತೆಗೆಯಲಿಲ್ಲ.

ಹಾಡು ಮೊಬೈಲಿಗೆ ಬಂದ ದಿನ ಅತ್ತೆ ಫೋನನ್ನು ಕಿವಿಗೆ ಹಚ್ಚಿಕೊಂಡು ಪೂರ್ತಿ ಕೇಳಿದರು. "ಇದ್ರಾಗ ನೀ ಎಲ್ಲಿದ್ದಿ?"

"ಆಗೇ ಹೋದೆ ಅತ್ತಿ. ಮೊದಲಿಂದ ಹಾಕ್ರಿ."

ಅಂದಿನಿಂದ ಮನೆಗೆ ಬಂದವರಿಗೆಲ್ಲ ಹಾಡು ಕೇಳಿಸುತ್ತಾರೆ. ಚಪ್ಪಾಳೆ ಬಂದ ಕೂಡಲೇ ಬಂದ್ ಮಾಡಿ, "ಇದೇ ನಮ್ಮ ಸೊಸಿ" ಅನ್ನುತ್ತಾರೆ.

ವಾರದ ಮೇಲೆ ಉಮರ್ಗಾದಿಂದ ಕಾಕಾ ಫೋನು ಮಾಡಿದರು. "ಕೇಳಿದೆವ್ವಾ. ಈಬತ್ತಿ ಜಾಸ್ತಿ ಆಗ್ಯಾದ, ಚಪ್ಪಾಳಿ ಮೆತ್ತಗ ಬಂದಾದ."

"ಹೌದ್ರಿ ಕಾಕಾ. ಕೈ ಭಾಳ ಬೆವರಿದ್ವು."

"ನನ್ನವೂ ಅಂದು ಹಂಗೇ ಬೆವರಿದ್ವು" ಅಂದರು. ಆಮೇಲೆ ಹೇಳಿದರು, "ಇನ್ನ ಮ್ಯಾಲ ಯಾರರೆ ನಿಂದು ಯಾವ ಹಾಡು ಅಂತ ಕೇಳಿದ್ರ ಆ ಲಾವಣಿ ಹೇಳಲ್ಲ. ನೀವು ಈಗ ಹಾಡೀರಲ್ಲ, ಅದಕ್ಕ ನಾ ಬಾರಿಸ್ಬೇಕಿತ್ತು ಅಂತೀನಿ."