ಭಾವ ಮರದಿಂದ ಬೀಳಲಿಲ್ಲ

ಅಕ್ಕ, ಭಾವನ ಎಡಗಾಲಿನ ಶಕ್ತಿ ಹೋದದ್ದು ನನ್ನಿಂದ. ತೆಂಗಿನ ಮರದಿಂದಲ್ಲ. ಆ ದಿನ ಅವರು ಮರ ಹತ್ತಿಯೇ ಇರಲಿಲ್ಲ.

ಇದನ್ನು ಹೇಳುವಾಗ ಅಳು ಬರಬಹುದು ಎಂದುಕೊಂಡಿದ್ದೆ. ಬರುತ್ತಿಲ್ಲ. ಒಳಗೆಲ್ಲ ಮರಗಟ್ಟಿ ಹೋಗಿದೆ — ಚಿವುಟಿದರೂ ಗೊತ್ತಾಗುವುದಿಲ್ಲ.

ನಾನು ಕಾಲು ಮುಂದಾಗಿ ಹುಟ್ಟಿದವನು. ಅಂಥವರ ಕಾಲು ತಾಗಿದರೆ ಸೊಂಟದ ಉಳುಕು ಹೋಗುತ್ತದೆಂದು ನಮ್ಮ ಚೇಳೂರಿನ ಕಡೆಯವರ ನಂಬಿಕೆ. ನಾನು ಚಡ್ಡಿ ಹಾಕುತ್ತಿದ್ದ ಕಾಲದಲ್ಲೇ ದೊಡ್ಡ ದೊಡ್ಡವರು ನಮ್ಮ ಜಗಲಿಯ ಮೇಲೆ ಬೋರಲು ಮಲಗಿ ಒದೆಸಿಕೊಂಡು ಹೋಗುತ್ತಿದ್ದರು, ನೀನೇ ನೋಡಿದ್ದೀಯ. ಒದೆ ಅಂದರೆ ಏನು — ಹಿಮ್ಮಡಿ ಸೋಕಿಸುವುದು, ಅಷ್ಟೆ. ಶಾಲೆ ಅರ್ಧಕ್ಕೆ ಬಿಟ್ಟವನಿಗೆ ಊರಲ್ಲಿ ಇದ್ದ ಮರ್ಯಾದೆ ಅದೊಂದೇ. ಆಮೇಲೆ ಅಂತರಸನಹಳ್ಳಿಯ ಫ್ಯಾಕ್ಟರಿಯಲ್ಲಿ ಮೂಟೆ ಹೊತ್ತೆ, ಯಾರ ಮುಂದೆಯೂ ಕೈಚಾಚಲಿಲ್ಲ. ಆದರೂ ಆ ಮರ್ಯಾದೆ ನನಗೆ ಬೇಕಿತ್ತು.

ಮೂಟೆ ಹೊತ್ತು ನನ್ನ ಸೊಂಟವೇ ಹಿಡಿದುಕೊಂಡಿತು. ಊರಿಗೆ ಮೊಬೈಲು ಇನ್ನೂ ಹೊಸದಾಗಿದ್ದ ಕಾಲ. ತುಮಕೂರಿನ ಶಿರಾ ಗೇಟ್ ಹತ್ತಿರ ಭಾನುವಾರ ಮಾತ್ರ ಒಬ್ಬ ಡಾಕ್ಟರು ಬರುತ್ತಿದ್ದರು — ಕೈರೋಪ್ರಾಕ್ಟಿಕ್ ಎಂದು ಬೋರ್ಡು. ಮಾತ್ರೆ ಇಲ್ಲ, ಸೂಜಿ ಇಲ್ಲ, ಬೆನ್ನು ಸೊಂಟದ ಕೀಲು ಒತ್ತಿ ಸಡಿಲಿಸುವುದೆಲ್ಲ ಕೈಯಲ್ಲೇ. ಆದರೆ ಕೈ ಇಡುವ ಮುಂಚೆ ಅವರು ಕೇಳಿದ್ದೇ ಕೇಳಿದ್ದು: ಕಾಲು ಜೋಮು ಹಿಡಿಯುತ್ತಾ, ಹೆಬ್ಬೆರಳು ಎತ್ತೋಕಾಗುತ್ತಾ, ಕೆಮ್ಮಿದರೆ ನೋವು ಕಾಲಿಗೆ ಇಳಿಯುತ್ತಾ. ಬಗ್ಗಿಸಿ ನೋಡಿದರು, ಮಂಡಿಗೆ ತಟ್ಟಿ ನೋಡಿದರು, ಎಕ್ಸ್‌ರೇ ನೋಡಿದರು. ಕೊನೆಗೆ ಒಂದು ಪಕ್ಕಕ್ಕೆ ತಿರುಗಿಸಿ ಒತ್ತಿದಾಗ ಟಕ್ ಎಂದಿತು.

“ಮೂಳೆ ಕೂತ್ಕೊಂತಾ ಸಾರ್?” ಎಂದೆ.

ನಕ್ಕರು. “ಎದ್ದು ಹೋಗಿದ್ರೆ ತಾನೇ ಕೂರೋದು? ಕೀಲು ಬಿಗಿದಿತ್ತು, ಸಡಿಲ ಮಾಡ್ದೆ. ಆ ಸದ್ದು ಒಳಗಿನ ಗಾಳೀದು, ಸದ್ದು ಬಂದ್ರೆ ವಾಸಿ ಅಂತಲ್ಲ. ವಾಸಿ ಮಾಡ್ಕೊಳೋದು ನಿಮ್ಮ ಮೈಯೇ. ಮೂಟೆ ಎತ್ತೋ ರೀತಿ ಬದಲಾಯಿಸ್ಕೊಳ್ಳಿ, ದಿನಾ ನಡೀರಿ. ಕಾಲಲ್ಲಿ ಶಕ್ತಿ ಇಲ್ದೆ ಇದ್ದಿದ್ರೆ ನಾನು ಮುಟ್ತಾನೇ ಇರ್ಲಿಲ್ಲ, ದೊಡ್ಡಾಸ್ಪತ್ರೆಗೆ ಕಳಿಸ್ತಿದ್ದೆ.”

ಇಷ್ಟೆಲ್ಲ ಹೇಳಿದರು. ನಾನು ಮನೆಗೆ ತಂದದ್ದು ಸದ್ದನ್ನು ಮಾತ್ರ.

ನೀನು ಸಂತೆಗೆ ಹೋಗಿದ್ದ ದಿನ ಅದು. ಭಾವ ಕಾಲು ಎಳೆದುಕೊಂಡು ಜಗಲಿಗೆ ಬಂದರು. “ಸೊಂಟದಿಂದ ಕಾಲ್ಗಂಟ ಜುಮ್ಮಂತದೆ ಕಣ್ಲಾ. ನಿನ್ನ ಭಾನ್ವಾರದ ಡಾಕ್ಟ್ರತ್ರ ಕರ್ಕಂಡೋಗು.”

“ಅವರು ಕೈಯಲ್ಲಿ ಮಾಡೋದನ್ನ ನಾನು ಕಾಲಲ್ಲಿ ಮಾಡ್ತೀನಿ, ಮಲಿಕ್ಕೊಳ್ಳಿ ಭಾವ” ಎಂದೆ.

“ಒದಿಯೋಕೆ ಇಷ್ಟು ದಿನ ಕಾಯ್ತಿದ್ದೆ ಅನ್ನು!” ಎಂದು ನಗುತ್ತಾ ಬೋರಲು ಮಲಗಿದರು.

ಸೋಕಿಸಿದೆ. ಸದ್ದು ಬರಲಿಲ್ಲ. ಗೋಡೆ ಹಿಡಿದು, ಮೈಭಾರವನ್ನೆಲ್ಲ ಹಿಮ್ಮಡಿಗೆ ಬಿಟ್ಟು —

ಸದ್ದು ಬಂತು. ಭಾವನ ನಗು ನಿಂತಿತು. ಎದ್ದು ನಿಂತಾಗ ಎಡಗಾಲಿನ ಪಾದ ನೆಲ ಬಿಟ್ಟು ಏಳಲಿಲ್ಲ.

ಗುಬ್ಬಿಯ ಆಸ್ಪತ್ರೆಯಲ್ಲಿ ಹೇಗಾಯಿತೆಂದು ಕೇಳಿದರು. ಭಾವ ಬಾಯಿ ತೆರೆಯುವ ಮೊದಲೇ ನಾನು ಹೇಳಿದೆ: “ಮರದಿಂದ ಬಿದ್ರು.”

ಭಾವ ನನ್ನ ಮುಖ ನೋಡಿದರು. ಡಾಕ್ಟರು ಮುರಿದ ಮೂಳೆ ಹುಡುಕುತ್ತಾ ಹೋದರು. ನರ ಒತ್ತಿಕೊಂಡಿದೆ ಎಂಬುದು ತುಮಕೂರಿಗೆ ಹೋದ ಮೇಲೆ ತಿಳಿಯಿತು. ನಾನು ನಿಜ ಹೇಳಿದ್ದರೆ ಕಾಲು ಉಳಿಯುತ್ತಿತ್ತೋ ಏನೋ — ಗೊತ್ತಿಲ್ಲ. ಕೇಳುವ ಧೈರ್ಯವೂ ಮಾಡಲಿಲ್ಲ. ಆಪರೇಷನ್‌ಗೆ ಒಳಗೆ ಕರೆದುಕೊಂಡು ಹೋಗುವಾಗ ಭಾವ ನನ್ನ ಕೈ ಹಿಡಿದು, “ನಿಮ್ಮಕ್ಕಂಗೆ ಹೇಳ್ಬ್ಯಾಡ. ಅವ್ಳಿಗಿರೋನು ಒಬ್ನೇ ತಮ್ಮ” ಎಂದರು.

ನಾನು ಹೂಂ ಎಂದೆ. ಎಷ್ಟು ಬೇಗ ಹೂಂ ಎಂದೆ!

ಆ ಸೀಮೆಯಲ್ಲಿ ಕಾಯಿ ಕೀಳುವುದರಲ್ಲಿ ಭಾವನ ಸಮ ಯಾರೂ ಇರಲಿಲ್ಲ, ಒಮ್ಮೆಯೂ ಜಾರಿದವರಲ್ಲ. ಅವರನ್ನು ಊರು “ಬಿದ್ದ ಸಿದ್ದಣ್ಣ” ಎಂದು ಕರೆಯಿತು. “ಕಟ್ಟೆ ಮ್ಯಾಲೆ ನೋಡ್ಕಂಡು ಕುಂತ್ಕಳಪ್ಪ, ಬಿದ್ಗಿದ್ದೀಯ” ಎಂದು ನಕ್ಕರು. ಭಾವ ಕುಡಿದು ಮರ ಹತ್ತಿದರೆಂದು ನೀನು ಅನುಮಾನಪಟ್ಟೆ. ದೇವರ ಮುಂದೆ ನಿಲ್ಲಿಸಿ ಆಣೆ ಕೇಳಿದೆ. ಕುಡಿದಿರಲಿಲ್ಲ ಎಂದು ಆಣೆ ಮಾಡಿದರು. ಬಿದ್ದಿರಲಿಲ್ಲ ಎಂದು ಮಾತ್ರ ಹೇಳಲಿಲ್ಲ. ನಾನು ಅಲ್ಲೇ ಕಂಬಕ್ಕೆ ಒರಗಿ ನಿಂತಿದ್ದೆ.

ಮೊನ್ನೆ ಕುಣಿಗಲ್ಲಿನಿಂದ ನಿನ್ನ ಮಗಳನ್ನು ನೋಡಲು ಬಂದವರ ಮುಂದೆ ನೀನು ಅಂದೆಯಲ್ಲ — “ನಮ್ಮೆಜಮಾನ್ರು ಕುಡ್ದು ಮರದಿಂದ ಬಿದ್ದೋರು, ಮನೆ ನಡೆಸಿದ್ದೆಲ್ಲ ನಾನೇಯ.” ಎಲ್ಲರೂ ನಕ್ಕರು. ಭಾವ ತಲೆ ಎತ್ತದೆ ಎಲೆ ಅಡಿಕೆ ತಟ್ಟೆಯನ್ನು ಅವರ ಮುಂದಕ್ಕೆ ತಳ್ಳಿದರು. ನಾನೂ ನಕ್ಕೆ ಅಕ್ಕ. ನಕ್ಕೆ.

ಭಾವನಿಗೆ ಕೊಟ್ಟ ಮಾತು ಎಂದು ಇಷ್ಟು ವರ್ಷ ನನಗೆ ನಾನೇ ಹೇಳಿಕೊಂಡೆ. ಅದು ಸುಳ್ಳು. ಅವರು ಕಾಪಾಡಿದ್ದು ನಿನ್ನ ತಮ್ಮನನ್ನು. ನಾನು ಕಾಪಾಡಿಕೊಂಡದ್ದು ನನ್ನನ್ನು.

ಕುಣಿಗಲ್ಲಿನವರು ಮದುವೆ ಮಾತು ಮುಗಿಸಲು ಮತ್ತೆ ಬರುವ ದಿನ ನಾನೂ ಬರುತ್ತೇನೆ. ನೀನು ಯಾರ ಮುಂದೆ ಆ ಮಾತು ಆಡಿದೆಯೋ ಅವರ ಮುಂದೆಯೇ ಇದನ್ನು ಹೇಳುತ್ತೇನೆ. ಆಮೇಲೆ ನನ್ನನ್ನು ಕೂರು ಅನ್ನಬೇಡ, ನೀರು ಕೊಡಬೇಡ. ಹೇಳಿ, ಹೊರಟು ಹೋಗುತ್ತೇನೆ.