ಬಲ ಮಗ್ಗುಲಿನ ಹೊಲಿಗೆ

ಬಸವಕಲ್ಯಾಣದ ನನ್ನ ಹೊಲಿಗೆ ಮಷಿನ್ ಮೇಲೆ ಕುಪ್ಪಸ, ಲಂಗ, ದಿಂಬಿನ ಗವಸು ಎಲ್ಲ ಹಾದು ಹೋಗಿವೆ. ಜಪಾನಿನ ಯೋಧನ ಕವಚ ಮಾತ್ರ ಒಂದೇ ಸಲ. ಹುಮನಾಬಾದಿನ ಶಾಲೆಯಲ್ಲಿ ಓದುವ ಮಗಳಿಗೆ ನಾಟಕದಲ್ಲಿ ಸಮುರಾಯ್ ಪಾತ್ರ ಸಿಕ್ಕಿತ್ತು. ಅವಳ ಮೇಷ್ಟ್ರು ಮೊಬೈಲಿನಲ್ಲಿ ಚಿತ್ರ ತೋರಿಸುತ್ತ ಹೆಸರು ಹೇಳಿದರು: ಎದೆಗೆ ದೋ, ಭುಜಕ್ಕೆ ಸೊದೆ, ಮುಖಕ್ಕೆ ಮೆಂಪೊ, ತಲೆಗೆ ಕಬುತೊ. ನಮ್ಮ ಮನೆಗೆ ಬರುವಷ್ಟರಲ್ಲಿ ಕಬುತೊ ಕಬೂತರವಾಗಿತ್ತು. ತಲೆ ಮೇಲೆ ಪಾರಿವಾಳ ಹೊರಬೇಕಲ್ಲ ಎಂದು ಮಗಳು ನಕ್ಕಿದ್ದೇ ನಕ್ಕಿದ್ದು.

ಹಳೆಯ ಪ್ಲಾಸ್ಟಿಕ್ ಡ್ರಮ್ ಕತ್ತರಿಸಿ ಪಟ್ಟಿ ಮಾಡಿದೆ. ಕಪ್ಪು ಬಣ್ಣ ಬಳಿದು, ಅಂಚಿಗೆ ಬಟ್ಟೆ ಕೊಟ್ಟು, ಕೆಂಪು ಲಾಡಿಯಿಂದ ಹೆಣೆದೆ. ಒಂದು ತಿಂಗಳು ಹಿಡಿಯಿತು. "ದೋ ಬಲ ಮಗ್ಗಲಿಗಿ ತೆರೆದೇ ಇರ್ತದ್ರಿ ಅಕ್ಕಾರ, ಅಲ್ಲಿ ಬರೀ ಗಂಟ ಕಟ್ತಾರ" ಎಂದು ಮೇಷ್ಟ್ರು ಎರಡು ಸಲ ಹೇಳಿದ್ದರು. ತಲೆಯಾಡಿಸಿದೆ, ಒಪ್ಪಲಿಲ್ಲ. ಬಗಲು ಬಿಚ್ಚಿದ ಉಡುಪನ್ನು ನಾನು ಯಾರಿಗೂ ಕೊಟ್ಟವಳಲ್ಲ.

ನಾಟಕದ ದಿನ ಬಸ್ಸು ರಾಜೇಶ್ವರ ದಾಟುವಾಗಲೇ ಮಗಳಿಗೆ ಸಣ್ಣ ಕೆಮ್ಮು. ಅವಳಿಗೆ ದಮ್ಮು ಇದೆ. ಔಷಧದ ಪಂಪು ಸದಾ ನನ್ನ ಚೀಲದಲ್ಲಿರುತ್ತದೆ. ಶಾಲೆಯ ಕೋಣೆಯಲ್ಲಿ ಕವಚ ತೊಡಿಸಿ ಗಂಟು ಕಟ್ಟಿದೆ. ಬಲಗಡೆಯ ಸಂದಿಯಲ್ಲಿ ಒಳಗಿನ ಅಂಗಿ ಕಾಣುತ್ತಿತ್ತು. ನನಗೆ ತಡೆಯಲಾಗಲಿಲ್ಲ, ಸೂಜಿ ತೆಗೆದೆ. ಮೈಮೇಲಿನ ಬಟ್ಟೆ ಹೊಲಿಯಬಾರದು; ಹೊಲಿಯಲೇಬೇಕಾದರೆ ಉಟ್ಟವರು ಬಾಯಲ್ಲಿ ದಾರ ಕಚ್ಚಿಕೊಂಡು ಸುಮ್ಮನಿರಬೇಕು. ಇದು ನಮ್ಮವ್ವನಿಂದ ಬಂದ ಪದ್ಧತಿ. ಒಂದೆಳೆ ದಾರ ಮಗಳ ಹಲ್ಲಿಗೆ ಕೊಟ್ಟೆ.

"ನಾ ಅನ್ನೋತನಕ ಉಗುಳಬ್ಯಾಡ, ಮಾತೂ ಆಡಬ್ಯಾಡ."

ಕಂಕುಳಿನಿಂದ ಸೊಂಟದವರೆಗೆ ಬಿಗಿಯಾಗಿ ಹೊಲಿದೆ. ಅಷ್ಟರಲ್ಲಿ ಹೊರಗಿನಿಂದ ಕರೆ ಬಂತು. ಗಡಿಬಿಡಿಯಲ್ಲಿ ಮೆಂಪೊ ಕಟ್ಟಿ ಕಬೂತರ ಹೊರಿಸಿದೆ.

ಬಾಗಿಲ ಬಳಿ ಅವಳು ನಿಂತುಬಿಟ್ಟಳು. ಕೈ ಬೀಸಿದಳು. ಪಾತ್ರದ ಗತ್ತು ಅಂದುಕೊಂಡು ನಾನು ನಕ್ಕೆ ಕೂಡ. ಆಮೇಲೆ ಮುಖವಾಡದೊಳಗಿಂದ ಸಿಳ್ಳೆಯಂಥ ಸದ್ದು ಬಂತು. ಆ ಸದ್ದು ನನಗೆ ಗೊತ್ತು.

"ಯಾಕ, ಏನಾಗಾಕತ್ತದ? ಹೇಳು!"

ಹೇಳಲಿಲ್ಲ. ಮೇಷ್ಟ್ರು ಓಡಿ ಬಂದು, "ಮೊದಲ ದೋ ಬಿಚ್ರಿ, ಬಲಕ್ಕ ಬಿಚ್ರಿ" ಎಂದು ಕೂಗಿದರು. ಬಿಚ್ಚುವ ಜಾಗವನ್ನೇ ನಾನು ಮುಚ್ಚಿದ್ದೆ. ಕತ್ತರಿಯ ಮೊನೆ ತೂರಲೂ ಸಂದಿಲ್ಲದ ಹೊಲಿಗೆ ಜಪ್ಪಯ್ಯ ಅನ್ನಲಿಲ್ಲ. ನನ್ನ ಕೈಕೆಲಸದ ಮೇಲೆ ಅಷ್ಟು ಸಿಟ್ಟು ನನಗೆ ಹಿಂದೆಂದೂ ಬಂದಿರಲಿಲ್ಲ. ತಿಂಗಳಿಡೀ ಹೆಣೆದ ಲಾಡಿಗಳನ್ನೇ ಕತ್ತರಿಸಿದೆ. ಪಟ್ಟಿಗಳು ಒಂದೊಂದಾಗಿ ನೆಲಕ್ಕೆ ಬಿದ್ದವು.

ಮುಖವಾಡ ಕಿತ್ತು ಪಂಪು ಹಿಡಿದರೆ ಅವಳು ಹಲ್ಲು ಬಿಡಲೊಲ್ಲಳು. ತುಟಿ ಕಪ್ಪಿಟ್ಟಿತ್ತು. ನೀರು ತುಂಬಿದ ಕಣ್ಣು ನನ್ನನ್ನೇ ನೋಡುತ್ತಿತ್ತು. ಆಗ ನೆನಪಾಯಿತು.

"ಉಗುಳವ್ವಾ, ಉಗುಳು!"

ಒದ್ದೆ ದಾರ ನನ್ನ ಅಂಗೈಗೆ ಬಿತ್ತು. ಎರಡು ಸಲ ಔಷಧ ಎಳೆದುಕೊಂಡು, ಉಸಿರು ತಿರುಗಿದ ಮೇಲೆ ಅವಳು ಮೊದಲು ಕೇಳಿದ್ದು ಇಷ್ಟೇ:

"ಹೊಲಿಯೋದು ಮುಗೀತೇನ ಅವ್ವಾ?"