ಕಾಣದ ಗ್ರಹ, ಗರಗದ ನೂಲು

ಎರಡು ಸಾವಿರದ ಇಸವಿ ದಾಟಿ ಕೆಲವು ವರ್ಷಗಳಾಗಿದ್ದವು. ಸಪ್ತಾಪುರದಲ್ಲಿ ಬಾಡಿಗೆ ಖೋಲಿ ಹಿಡಿದು, ಕಾಲೇಜಿನಲ್ಲಿ ಹೊಸದಾಗಿ ಭೌತಶಾಸ್ತ್ರ ಕಲಿಸುತ್ತಿದ್ದೆ. ರಜೆಯ ದಿನ ಮುಂಜಾನೆ ಪತ್ರಿಕೆ ಬಿಡಿಸಿದರೆ ಏನು ಸುದ್ದಿ ಅಂತೀರಿ! ಬಹುದೂರದ ನಕ್ಷತ್ರವೊಂದಕ್ಕೆ ಗ್ರಹ ಇರುವುದು ಗೊತ್ತಾಗಿದೆ, ಅದೂ ಯಾರ ಕಣ್ಣಿಗೂ ಬೀಳದೆ. ಯಾರಿಗಾದರೂ ಹೇಳದಿದ್ದರೆ ಹೊಟ್ಟೆ ಒಡೆದೀತು ಅನ್ನಿಸಿ ಗರಗದ ಬಸ್ಸು ಹತ್ತಿದೆ.

ಅಲ್ಲಿ ನನ್ನ ಅಜ್ಜಿ ಖಾದಿ ಕೇಂದ್ರದಲ್ಲಿ ನೂಲುತ್ತಿದ್ದಳು. ಮೊಮ್ಮಗಳಾದ ನಾನು ಮದುವೆಯಾಗದೆ ಓದುತ್ತಲೇ ಉಳಿದೆನೆಂದು ಪಕ್ಕದ ರಾಟಿಯ ಮುದುಕಿ ಅವಳನ್ನು ದಿನಾ ಚುಚ್ಚುತ್ತಿದ್ದಳು. ನಾನು ಹೊಸ್ತಿಲು ತುಳಿದು ಸುದ್ದಿ ಇದೆ ಅಂದದ್ದೇ ತಡ, ಅಜ್ಜಿ ಸಾರಿಬಿಟ್ಟಳು:

"ರಾಟಿ ನಿಂದರಸ್ರಿ! ನಮ್ಮ ಹುಡುಗಿ ಆಕಾಶದ ಸುದ್ದಿ ತಂದಾಳ. ಕೇಳಿದ ಮ್ಯಾಲೂ ಈಕಿ ಓದಿದ್ದು ದಂಡ ಅನ್ನಿಸ್ತಂದ್ರ, ನಾಳಿಂದ ನೀವು ಏನಂದ್ರೂ ನಾ ತುಟಿ ಬಿಚ್ಚೂದಿಲ್ಲ."

ಅಜ್ಜಿಯ ಮಾನ ನನ್ನ ನಾಲಿಗೆಯ ತುದಿಗೆ ಬಂದು ಕೂತಿತ್ತು.

"ಹೊಸಾ ಗ್ರಹ ಒಂದು ಸಿಕ್ಕೈತ್ರಿ. ಭಾಳ ದೂರ ಒಂದು ಚುಕ್ಕಿ ಐತಿ," ಎಂದು ಶುರುಮಾಡಿದೆ. "ಅದರ ಮುಂದ ಇನ್ನೊಂದು ಚುಕ್ಕಿ ಹಾದು ಹೋಗತೈತಿ. ಮುಂದಿನ ಚುಕ್ಕಿ ಸೆಳೆತಕ್ಕ ಹಿಂದಿನದರ ಬೆಳಕು ಬಾಗತೈತಿ. ಭೂತಗನ್ನಡಿ ಹಿಡಿದಂಗ, ಹಿಂದಿನ ಚುಕ್ಕಿ ಕೆಲವು ದಿನ ಹೆಚ್ಚು ಬೆಳಗತೈತಿ."

"ಗ್ರಹ ಎಲ್ಲೈತಿ?" ಅಂದಳು ಪಕ್ಕದ ರಾಟಿಯವಳು.

"ಅದು ಕಾಣೂದಿಲ್ರಿ."

"ಅಯ್ಯ ನಮ್ಮವ್ವಾ! ಕಾಣಲಾರದ್ದು ನೋಡಾಕ ಇಷ್ಟು ಓದಬೇಕಾ? ಅದನ್ನ ನಾ ಓದಲಾರದ ದಿನಾ ನೋಡಾಕತ್ತೇನಿ!"

ಎಲ್ಲರೂ ಹೋ ಎಂದು ನಕ್ಕರು. ಅಜ್ಜಿ ಮಾತ್ರ ನಗಲಿಲ್ಲ.

ಬರೆದು ತೋರಿಸಲು ಹಲಗೆ ಇಲ್ಲ. ನೆಲಕ್ಕೆ ಹಾಸಿದ್ದ ಕರಿ ಕಂಬಳಿಯ ಮೇಲೆ ಅಜ್ಜಿಯ ನೂಲನ್ನೇ ಎಳೆದು ಹರವಿದೆ. ಎಡದಿಂದ ಬಲಕ್ಕೆ ದಿನಗಳು. ನೂಲು ಮೇಲೇರಿದರೆ ಬೆಳಕು ಹೆಚ್ಚಿದಂತೆ, ಎಂದು ತಿಳಿಸಿದೆ. ನೂಲು ನುಣ್ಣಗೆ ಗುಡ್ಡದ ಹಾಗೆ ಏರಿ ಇಳಿಯಿತು. ಇಳಿಜಾರಿನಲ್ಲಿ ಒಂದು ಕಡೆ ಮಾತ್ರ, ಪತ್ರಿಕೆಯ ಚಿತ್ರದಲ್ಲಿ ಇದ್ದಂತೆ, ಸಣ್ಣದೊಂದು ಉಬ್ಬು ಇಟ್ಟೆ.

ಮುದುಕಿ ಎದ್ದು ಬಂದಳು. ಕುಕ್ಕರಗಾಲಲ್ಲಿ ಕೂತು ನೂಲಿನ ಮೇಲೆ ಬೆರಳಾಡಿಸುತ್ತ ಬಂದವಳು ಉಬ್ಬಿನ ಹತ್ತಿರ ಕೈ ನಿಲ್ಲಿಸಿದಳು.

"ಇಲ್ಲಿ ನಿನ್ನ ಕೈ ತಪ್ಪೈತಿ."

"ಇಲ್ರೀ, ಬೆಳಕು ಬಂದಿದ್ದ ಹಂಗ."

ಅವಳ ಹುಬ್ಬು ಗಂಟಿಕ್ಕಿತು. "ನೂಲು ಸುಮ್ಮ ಸುಮ್ಮನ ಉಬ್ಬೂದಿಲ್ಲ. ಒಳಗ ಕಸ ಸಿಕ್ಕೊಂಡಿರತೈತಿ. ಕಣ್ಣಿಗೆ ಕಾಣಲಿಲ್ಲಂದ್ರೂ ಬೆರಳಿಗೆ ತಿಳೀತೈತಿ." ತಟ್ಟನೆ ತಲೆಯೆತ್ತಿದಳು. "ಅಂದ್ರ ಮುಂದಿನ ಚುಕ್ಕಿ ಜೋಡಿ ಏನೋ ಸಣ್ಣದು ಹೊಂಟಿತ್ತು!"

"ಹೌದ್ರೀ! ಅದ ಗ್ರಹ!" ನಾನು ಕೂಗಿಯೇಬಿಟ್ಟೆ.

ರಾಟಿಗಳನ್ನು ಬಿಟ್ಟು ಎಲ್ಲರೂ ಕಂಬಳಿಯ ಸುತ್ತ ಮುಕುರಿದರು. ಎಷ್ಟು ದೊಡ್ಡದು? ಅಲ್ಲಿ ಮಳಿ ಆಗತೈತೇನು? ಮತ್ತ ಯಾವಾಗ ನೋಡ್ತಾರ?

"ಮತ್ತ ಇಲ್ರಿ. ಆ ಎರಡು ಚುಕ್ಕಿ ನಮ್ಮ ಜನ್ಮದಾಗ ಇನ್ನೊಮ್ಮೆ ಹಂಗ ಸಾಲಾಗಿ ನಿಂದ್ರೂದಿಲ್ಲ."

"ಯವ್ವಾ! ಆವತ್ತು ನೋಡಾವ ತೂಕಡಿಸಿದ್ರ ಹೋಗೇ ಹೋಗತಿತ್ತಲ್ಲ!" ಎಂದು ಮುದುಕಿ ಎದೆಯ ಮೇಲೆ ಕೈಯಿಟ್ಟಳು. ಆಮೇಲೆ ಅಜ್ಜಿಯತ್ತ ತಿರುಗಿ, "ದಂಡ ಅಲ್ಲ ಬಿಡು. ಮದುವಿ ಮಾತು ನಾಳೆ ಆಡೂಣು," ಅಂದಳು.

ಅಜ್ಜಿಯ ಮುಖ ಅರಳಿತು. ನನ್ನ ಕಿವಿಗೆ ಬಾಗಿ ಪಿಸುಗುಟ್ಟಿದಳು: "ಖರೇ ಹೇಳಲೇನ? ನನಗೊಂದೂ ತಿಳೀಲಿಲ್ಲ. ಆಕಿಗೆ ತಿಳೀತಲ್ಲ, ಸಾಕು."

ಪಿಸುಮಾತು ಮುದುಕಿಗೆ ಕೇಳಿಸಿತ್ತು. "ತಿಳೀಲಾರದ ಏನಾಗೇತಿ? ಬಾ ಇಲ್ಲಿ, ಕೂಡ್ರು," ಎಂದು ಅಜ್ಜಿಯ ಕೈ ಹಿಡಿದು ಕೂರಿಸಿ, ಅವಳ ಬೆರಳನ್ನು ಆ ಉಬ್ಬಿನ ಮೇಲೆ ಇಟ್ಟಳು.